ಸೀಟಿಗೂ ಎಳೆತಕ್ಕೂ ನಡುವೆ

ಫೆಬ್ರವರಿ ೧೧

ತಮ್ಮಾ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಕೇಳಿದರೆ ‘ಇದ್ದೇನೆ’ ಎಂದು ಬರೆಯುತ್ತೀಯ, ಅಷ್ಟಕ್ಕೆ ಒಂದು ಕಾಗದ ದಂಡ. ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿನಗೂ ನಿನ್ನ ಭಾವನಿಗೂ ನಡುವೆ ಏನು ನಡೆದಿದೆ?

ನಿಮ್ಮ ಕ್ಯಾಂಪಿನ ಅಡುಗೆಯವನು ಹಲ್ಲು ಕೀಳಿಸಿಕೊಳ್ಳಲು ಪಟ್ಟಣಕ್ಕೆ ಬಂದಿದ್ದ. ಊದಿದ ಕೆನ್ನೆಯನ್ನು ಹಿಡಿದುಕೊಂಡೇ ನಾವು ಟಾರ್ಪಾಲಿನ್ ಹೊಲಿಯುವ ಶೆಡ್ಡಿನ ಬಾಗಿಲಲ್ಲಿ ನಿಂತು, ಹೆಂಗಸರೆಲ್ಲ ಹೊಲಿಗೆ ನಿಲ್ಲಿಸುವಷ್ಟು ಮಾತಾಡಿದ. ಹಲ್ಲು ಹೋದರೂ ನಾಲಿಗೆ ಗಟ್ಟಿಯಾಗಿದೆ. “ನಿಮ್ಮ ತಮ್ಮನಿಗೆ ಅದೇನು ಜಂಬ ಅಕ್ಕಾ? ನಿಮ್ಮ ಯಜಮಾನ್ರು ಹಿಂದಿನಿಂದ ಕೂಗ್ತಾನೇ ಇರ್ತಾರೆ, ಇವನು ತಿರುಗಿ ಕೂಡ ನೋಡಲ್ಲ. ಊಟಕ್ಕೆ ಕೂತಾಗ ನಾವೆಲ್ಲ ನಗ್ತಾ ಇದ್ರೆ ಇವನೊಬ್ಬ ತಟ್ಟೆ ನೋಡ್ಕೊಂಡು ಕೂತಿರ್ತಾನೆ,” ಅಂದ. ಶೆಡ್ಡಿನವರೆಲ್ಲ ನನ್ನ ಮುಖ ನೋಡಿದರು. ನಾನು ನಗುವ ಹಾಗೆ ಮಾಡಿ ತಲೆ ತಗ್ಗಿಸಿದೆ.

ನಿನ್ನ ಭಾವನನ್ನು ಆ ಕಾಡಿಗೆ ಕರೆದುಕೊಂಡು ಹೋದವನು ನೀನು. ಅವರು ಕೆಳಗೆ ಕಣಿವೆಯಲ್ಲಿ ಬಿದ್ದ ದಿಮ್ಮಿಗೆ ತಂತಿಹಗ್ಗದ ಕುಣಿಕೆ ಹಾಕುವವರು. ನೀನು ಮೇಲೆ ದಿಣ್ಣೆಯಲ್ಲಿ ಉಗಿ ಎಂಜಿನ್ ನಡೆಸಿ ಆ ಹಗ್ಗ ಎಳೆಯುವವನು. ನೀನು ಅವರಿಗೆ ಕಾಣುವುದಿಲ್ಲ, ಅವರು ನಿನಗೆ ಕಾಣುವುದಿಲ್ಲ ಎಂದು ನೀನೇ ಹೇಳಿದ್ದೀಯ. ಮನೆಯಲ್ಲಿ ಕೂತು ಎಷ್ಟು ಬೇಕಾದರೂ ಮುನಿಸಿಕೊಳ್ಳಿ, ನಾನು ಇಬ್ಬರಿಗೂ ಬಡಿಸುತ್ತೇನೆ. ಒಂದೇ ಹಗ್ಗದ ಎರಡು ತುದಿಯಲ್ಲಿ ನಿಂತು ಮುನಿಸು ಬೇಡ.

ಇನ್ನೊಂದು. ಅವರಿಗೆ ಅಕ್ಷರ ಬಾರದು, ಅವರ ಸಮಾಚಾರ ನಿನ್ನ ಕೈಯಿಂದಲೇ ಬರಬೇಕು. ಪ್ರತಿ ಸಲವೂ ‘ಚೆನ್ನಾಗಿದ್ದೇನೆ, ನೀನೂ ಹಾಗೇ ಇರು’ ಎಂದೇ ಬರೆಯುತ್ತಿದ್ದೀಯ. ಅವರು ಅಷ್ಟೇ ಹೇಳುತ್ತಾರೋ, ನೀನು ಅಷ್ಟೇ ಬರೆಯುತ್ತೀಯೋ?

ಅಕ್ಕ


ಫೆಬ್ರವರಿ ೨೪

ಅಕ್ಕಾ,

ನಿನ್ನ ಕಾಗದ ಬಂತು. ಜಗಳ ಏನೂ ಇಲ್ಲ. ಅಡುಗೆಯವನಿಗೆ ಸಾರಿಗಿಂತ ಮಾತಿಗೆ ಉಪ್ಪು ಹಾಕುವುದು ಚೆನ್ನಾಗಿ ಗೊತ್ತು, ಅವನ ಮಾತಿಗೆ ತಲೆ ಕೆಡಿಸಿಕೊಳ್ಳಬೇಡ. ಭಾವ ಆರೋಗ್ಯವಾಗಿದ್ದಾರೆ. ಹೊಸ ಬೂಟು ಕಚ್ಚುತ್ತಿದೆ, ಅಷ್ಟೇ. ಕಡಿದು ಮುಗಿದ ದಿಣ್ಣೆ ಬಿಟ್ಟು ಎಂಜಿನ್ ಅನ್ನು ಸಮುದ್ರದ ಕಡೆಗೆ ಸರಿಸಿದ್ದೇವೆ. ಅದು ತನ್ನ ಹಗ್ಗವನ್ನು ಮುಂದಿನ ಮರದ ಬುಡಕ್ಕೆ ಕಟ್ಟಿಕೊಂಡು ತನ್ನನ್ನೇ ಎಳೆದುಕೊಂಡು ಹೋಗುತ್ತದೆ. ನೋಡಲು ತಮಾಷೆ. ಭಾವ ಹೇಳಿದ್ದು: ಚೆನ್ನಾಗಿದ್ದೇನೆ, ನೀನೂ ಹಾಗೇ ಇರು.

ಇಲ್ಲಿಗೆ ಮುಗಿಸಿ ಕಾಗದ ಮಡಚಿದ್ದೆ. ಸಮುದ್ರ ಒರಟಾಗಿ ಟಪಾಲು ಒಯ್ಯುವ ಲಾಂಚ್ ಬರಲಿಲ್ಲ. ಕಾಗದ ಜೇಬಿನಲ್ಲೇ ಉಳಿಯಿತು. ಉಳಿದದ್ದಕ್ಕೇ ಈಗ ಮುಂದೆ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.

ಅಕ್ಕಾ, ನನಗೆ ಕಿವಿ ಕೇಳುವುದಿಲ್ಲ.

ಮಂದ ಎಂದಲ್ಲ. ಕೇಳುವುದೇ ಇಲ್ಲ. ಬಾಯ್ಲರಿನ ಮಗ್ಗುಲಲ್ಲಿ ಇಷ್ಟು ವರ್ಷ ಕೂತರೆ ಇನ್ನೇನಾಗುತ್ತದೆ. ಮೊದಲು ದೂರದ ಗರಗಸದ ಸದ್ದು ಹೋಯಿತು. ಆಮೇಲೆ ಜನರ ಮಾತು ಗೊಣಗಿದ ಹಾಗಾಯಿತು, ಆಮೇಲೆ ಅದೂ ಹೋಯಿತು. ಕೊನೆಯವರೆಗೂ ಉಳಿದಿದ್ದು ಸೀಟಿ. ಹೋದ ವರ್ಷ ಅದೂ ನಿಂತಿತು. ಭಾವ ಹಿಂದಿನಿಂದ ಕೂಗಿದರೆ ನನಗೆ ಗೊತ್ತಾಗುವುದು ಅವರು ಬಂದು ಭುಜ ತಟ್ಟಿದಾಗಲೇ. ಅವರು ಏನು ಹೇಳುತ್ತಾರೆ ಎಂದು ತುಟಿ ನೋಡಿ ಊಹಿಸುತ್ತೇನೆ. ಊಹೆಗೆ ಸಿಗದಿದ್ದರೆ ‘ಚೆನ್ನಾಗಿದ್ದೇನೆ’ ಎಂದು ಬರೆಯುತ್ತೇನೆ.

ಕೆಲಸ ಹೇಗೆ ಎಂದು ಕೇಳುತ್ತೀಯ. ಕುಣಿಕೆ ಬಿಗಿದ ಮೇಲೆ ಕೆಳಗಿನಿಂದ ಸೀಟಿಯವನು ಉದ್ದ ತಂತಿ ಜಗ್ಗುತ್ತಾನೆ, ನನ್ನ ತಲೆಯ ಮೇಲೆ ಬಾಯ್ಲರಿನ ಸೀಟಿ ಕೂಗುತ್ತದೆ. ಒಂದು ಸಲ ಕೂಗಿದರೆ ಎಳೆ. ಎಳೆಯುವಾಗ ಮತ್ತೆ ಕೂಗಿದರೆ ನಿಲ್ಲಿಸು. ಕೂಗಿದಾಗ ಸೀಟಿಯ ಬಾಯಿಂದ ಬಿಳಿ ಉಗಿ ಚಿಮ್ಮುತ್ತದೆ. ನಾನು ಅದನ್ನು ನೋಡಿಕೊಂಡು ಎಳೆಯುತ್ತೇನೆ. ಮಂಜು ಕವಿದ ದಿನ ಬಿಳಿಯಲ್ಲಿ ಬಿಳಿ ಕಾಣುವುದಿಲ್ಲ. ಆಗ ಸೀಟಿಯ ಕೊಳವೆಯ ಮೇಲೆ ಎಡಗೈ ಇಟ್ಟುಕೊಳ್ಳುತ್ತೇನೆ, ಅದು ನಡುಗಿದರೆ ಗೊತ್ತಾಗುತ್ತದೆ. ಅಂಗೈ ಸುಟ್ಟು ಸುಟ್ಟು ಈಗ ಮರಗಟ್ಟಿದೆ. ನೋವಿಲ್ಲ.

ಯಾರಿಗೂ ಗೊತ್ತಿಲ್ಲ, ಭಾವನಿಗೂ. ಜಂಬದವನು ಎಂದುಕೊಳ್ಳಲಿ. ಕಿವುಡ ಎನಿಸಿಕೊಂಡು ಎಂಜಿನ್‌ನಿಂದ ಇಳಿಯುವುದಕ್ಕಿಂತ ಜಂಬದವನು ಎನಿಸಿಕೊಳ್ಳುವುದು ವಾಸಿ. ನೀನೂ ಯಾರಿಗೂ ಹೇಳಬೇಡ.

ತಮ್ಮ


ಮಾರ್ಚ್ ೫

ತಮ್ಮಾ,

ನಿನ್ನ ಕಾಗದವನ್ನು ಶೆಡ್ಡಿನಲ್ಲೇ ಓದಿದೆ. ಓದಿ ಮಡಚಿ ಮತ್ತೆ ಹೊಲಿಯಲು ಕೂತೆ. ಮೇಣ ಬಳಿದ ದಾರ, ದಪ್ಪ ಸೂಜಿ, ಅಂಗೈಗೆ ಚರ್ಮದ ಪಟ್ಟಿ. ಎಂದಿನಂತೆ ಒಂದು ಅಂಚು ಪೂರ್ತಿ ಮುಗಿಸಿದೆ. ಬಟ್ಟೆ ಎತ್ತಿದರೆ ಅದು ನನ್ನ ಸೆರಗಿಗೂ ಸೇರಿ ಹೊಲಿದುಹೋಗಿತ್ತು. ಪಕ್ಕದವಳು ಬಿದ್ದು ಬಿದ್ದು ನಕ್ಕಳು. ನಾನು ಬಿಚ್ಚುತ್ತಾ ಕೂತೆ.

ನಿನಗೆ ಕಿವಿ ಹೋಯಿತು ಎಂದು ನನಗೆ ಮೊದಲು ದುಃಖವಾಗಬೇಕಿತ್ತು. ಒಂದೇ ತಾಯಿಯ ಮಕ್ಕಳು ನಾವು. ಆದರೆ ಮೊದಲು ಬಂದದ್ದು ಹೆದರಿಕೆ, ಅದೂ ಅವರ ಬಗ್ಗೆ. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ನಿನ್ನ ಬಗ್ಗೆ ದುಃಖ ಇನ್ನೂ ಬರಬೇಕಾಗಿದೆ, ಬರುತ್ತದೆ.

ನೀನು ಎಷ್ಟು ಸಲೀಸಾಗಿ ಬರೆದೆ, ಕೊಳವೆ ನಡುಗಿದರೆ ಗೊತ್ತಾಗುತ್ತದೆ ಎಂದು! ಅಂಗೈ ಮರಗಟ್ಟಿದೆ ಎಂದು ಮುಂದಿನ ಸಾಲಿನಲ್ಲೇ ಬರೆದಿದ್ದೀಯ. ಇನ್ನು ಸ್ವಲ್ಪ ದಿನ ಹೋದರೆ ನಡುಕವೂ ಗೊತ್ತಾಗುವುದಿಲ್ಲ. ಆವತ್ತು ಮಂಜಿನಲ್ಲಿ ‘ನಿಲ್ಲಿಸು’ ಎಂದು ಸೀಟಿ ಕೂಗುತ್ತಿರುತ್ತದೆ, ಕೆಳಗೆ ನನ್ನ ಗಂಡ ಹಗ್ಗಕ್ಕೂ ದಿಮ್ಮಿಗೂ ನಡುವೆ ಇರುತ್ತಾರೆ, ನೀನು ಎಳೆಯುತ್ತಲೇ ಇರುತ್ತೀಯ.

ಇಳಿದುಬಿಡು. ಏನು ನೆಪ ಬೇಕಾದರೂ ಹೇಳು, ಇಳಿ.

ಅವರಿಗೆ ನಾನಾಗಿ ಹೇಳುವುದಿಲ್ಲ. ನಿನ್ನ ಮಾನ ನನಗೂ ಬೇಕು.

ಅಕ್ಕ


ಮಾರ್ಚ್ ೧೭

ಅಕ್ಕಾ,

ಇಳಿಯುವುದಿಲ್ಲ.

ನೀನು ಕಾಡು ನೋಡಿದವಳಲ್ಲ. ನಾನು ಎಂಜಿನ್ ಹತ್ತಿದ ಮೇಲೆ ನಮ್ಮ ಗುಂಪಿನಲ್ಲಿ ಒಬ್ಬನ ಉಗುರು ಕೂಡ ಹೋಗಿಲ್ಲ. ಆಚೆ ದಿಣ್ಣೆಯ ಎಂಜಿನ್ ನಡೆಸುವವನಿಗೆ ಕಿವಿ ಚುರುಕು, ಸೀಟಿ ಬಾಯಿ ತೆರೆಯುವ ಮುಂಚೆಯೇ ಕೇಳಿಸುತ್ತದೆ ಎಂದು ಅವನೇ ಹೇಳಿಕೊಂಡು ತಿರುಗುತ್ತಾನೆ. ಅವನ ಗುಂಪಿನಲ್ಲಿ ಕಾಲು ಕಳೆದುಕೊಂಡವರಿದ್ದಾರೆ. ನಮ್ಮ ಕಡೆ ಯಾಕೆ ಯಾರಿಗೂ ಏನೂ ಆಗಿಲ್ಲ, ಹೇಳು ನೋಡೋಣ. ನನಗೂ ಗೊತ್ತಿಲ್ಲ. ಆದರೆ ಆಗಿಲ್ಲ.

ನಾನು ಬೇರೇನೂ ಕಲಿತವನಲ್ಲ. ಬೆಂಕಿ ಹಾಕುವುದು, ನೀರು ನೋಡಿಕೊಳ್ಳುವುದು, ಸನ್ನೆಕೋಲು ಹಿಡಿಯುವುದು. ಇಳಿದರೆ ಕಿವುಡನನ್ನು ಯಾರು ಇಟ್ಟುಕೊಳ್ಳುತ್ತಾರೆ? ನಿನ್ನ ಮನೆಯ ಮೂಲೆಯಲ್ಲಿ ಕೂತು ನೀನು ಬಾಯಾಡಿಸುವುದನ್ನು ನೋಡುತ್ತಿರಬೇಕು.

ಭಾವ ಹೇಳಿದ್ದು: ಚೆನ್ನಾಗಿದ್ದೇನೆ, ನೀನೂ ಹಾಗೇ ಇರು. ಈ ಸಲ ನಿಜವಾಗಿ ಅವರ ತುಟಿ ನೋಡಿಯೇ ಬರೆದೆ. ಅಷ್ಟನ್ನೇ ಹೇಳಿದರು.

ತಮ್ಮ


ಮಾರ್ಚ್ ೨೬

ತಮ್ಮಾ,

ನಿಮ್ಮ ಗುತ್ತಿಗೆದಾರರ ಆಫೀಸು ನಮ್ಮ ಶೆಡ್ಡಿನ ಎದುರಿಗೇ ಇದೆ. ರಸ್ತೆ ದಾಟಿದರೆ ಮುಗಿಯಿತು. ಎರಡು ಸಲ ಹೊಸ್ತಿಲವರೆಗೆ ಹೋಗಿ ಬಂದಿದ್ದೇನೆ. ಅಲ್ಲಿನ ಗುಮಾಸ್ತ “ಏನಮ್ಮಾ?” ಅಂದ. “ಏನಿಲ್ಲ,” ಅಂದೆ. ಮುಂದಿನ ಸಲ ಏನಿಲ್ಲ ಎನ್ನುವುದಿಲ್ಲ.

ಮುಂದೆ ಬರುವ ಲಾಂಚಿನಲ್ಲಿ ನೀನು ಇಳಿದ ಸುದ್ದಿ ಬರಬೇಕು. ತಮ್ಮನೋ ಗಂಡನೋ ಎಂದು ಆರಿಸುವ ಸ್ಥಿತಿಗೆ ನನ್ನನ್ನು ತರಬೇಡ. ತಂದರೆ ಆರಿಸುತ್ತೇನೆ.

ಅಕ್ಕ


ಏಪ್ರಿಲ್ ೧೪

ಅಕ್ಕಾ,

ನೀನು ಗೆದ್ದೆ. ಇಳಿದಿದ್ದೇನೆ.

ಅಂಗೈ ತೋರಿಸಿ, ಸನ್ನೆಕೋಲು ಹಿಡಿಯಲಾಗುತ್ತಿಲ್ಲ ಎಂದು ಮೇಸ್ತ್ರಿಗೆ ಹೇಳಿದೆ. ಅವನು ಬಹಳ ಹೊತ್ತು ನನ್ನ ಮುಖ ನೋಡಿ ಏನೋ ಹೇಳಿದ. ಅವನ ಮೀಸೆ ದಪ್ಪ, ತುಟಿ ಕಾಣುವುದಿಲ್ಲ, ಅವನು ಹೇಳಿದ್ದು ಎಂದೂ ನನಗೆ ದಕ್ಕಿಲ್ಲ. ತಲೆಯಾಡಿಸಿದೆ. ಗರಗಸದ ಶೆಡ್ಡಿಗೆ ಹಾಕಿದ.

ಇಲ್ಲಿ ಗರಗಸಕ್ಕೆ ಅರ ಹಾಕಿ ಹರಿತ ಮಾಡುವ ಮುದುಕನಿಗೆ ಕಣ್ಣು ಮಂಜಾಗಿದೆ, ಅವನು ಹೇಳಿಕೊಟ್ಟು ಮನೆಗೆ ಹೋಗುವವನು. ನಮ್ಮ ಕಾಡಿನ ಗರಗಸ ಇಬ್ಬರು ಎಳೆಯುವ ಉದ್ದನೆಯದು, ಅದನ್ನು ಎರಡು ಹಲಗೆಯ ನಡುವೆ ಬಿಗಿದು ಹಲ್ಲು ಹಲ್ಲಿಗೂ ಅರ ಹಾಕಬೇಕು. ಒಂದು ಹಲ್ಲು ಆ ಕಡೆಗೆ ವಾಲಬೇಕು, ಇನ್ನೊಂದು ಈ ಕಡೆಗೆ. ಸರಿಯಾಗಿದ್ದರೆ ಮರದಿಂದ ಹುಡಿ ಬರುವುದಿಲ್ಲ, ಉದ್ದುದ್ದ ಎಳೆ ಬರುತ್ತದೆ. ಕೆಟ್ಟ ಗರಗಸಕ್ಕೆ ಮರ ಕಡಿಯುವವರು ಬಂದು ಬಯ್ಯುತ್ತಾರೆ. ನನಗೆ ಕೇಳಿಸುವುದಿಲ್ಲ, ಅದೊಂದು ಲಾಭ. ಅರ ಉಜ್ಜುವಾಗ ಅದರ ಸದ್ದು ಬೆರಳಿಗೆ ಬರುತ್ತದೆ. ಹೀಗೆ ಹೇಳಿದರೆ ನಗುತ್ತೀಯ. ಆದರೆ ಬಹಳ ದಿನದ ಮೇಲೆ ಏನೋ ಕೇಳಿದ ಹಾಗಾಯಿತು.

ಎಂಜಿನ್‌ಗೆ ಹೊಸಬ ಬಂದಿದ್ದಾನೆ. ಚುರುಕು ಮನುಷ್ಯ. ನಮ್ಮ ಗುಂಪು ಈಗ ಹಿಂದಿಗಿಂತ ಹೆಚ್ಚು ದಿಮ್ಮಿ ಇಳಿಸುತ್ತಿದೆ ಎಂದು ಕಾಣುತ್ತದೆ, ನೀರಿನ ಅಂಚಿನಲ್ಲಿ ರಾಶಿ ಬೆಳೆದಿದೆ.

ಮೊನ್ನೆ ಸಂಜೆ ಭಾವ ಶೆಡ್ಡಿಗೆ ಬಂದು ನನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತರು. ಇಬ್ಬರೂ ಬಾಗಿಲ ಕಡೆ ಮುಖ ಮಾಡಿ ಕೂತಿದ್ದೆವು. ಬಹಳ ಹೊತ್ತು ಏನೋ ಮಾತಾಡಿದರು. ಬೆಳಕು ಕಮ್ಮಿ, ಅವರು ನನ್ನ ಕಡೆ ತಿರುಗಲೂ ಇಲ್ಲ. ಯಾಕೆ ಇಳಿದೆ ಎಂದು ಬಯ್ಯುತ್ತಿದ್ದಾರೋ, ಸಮಾಧಾನ ಮಾಡುತ್ತಿದ್ದಾರೋ ತಿಳಿಯಲಿಲ್ಲ. ಹೂಂ ಹೂಂ ಎಂದೆ. ಎದ್ದು ಭುಜ ತಟ್ಟಿ ಹೋದರು. ಅವರ ಬೂಟು ಈಗ ಕಚ್ಚುತ್ತಿಲ್ಲ.

ನಿನ್ನ ಮೇಲೆ ಸಿಟ್ಟಿದೆ. ಇರಲಿ, ಹೋಗುತ್ತದೆ.

ತಮ್ಮ


ಏಪ್ರಿಲ್ ೨೩

ನನ್ನ ತಮ್ಮನೇ,

ಸಿಟ್ಟು ಎಷ್ಟು ಬೇಕಾದರೂ ಇರಲಿ. ಮೂಟೆ ಕಟ್ಟಿ ಕಳಿಸು, ಅಟ್ಟದ ಮೇಲೆ ಇಟ್ಟುಕೊಳ್ಳುತ್ತೇನೆ. ನಿನ್ನ ಕಾಗದ ಬಂದ ದಿನ ನಾನು ಮಲಗಿದವಳು ಶೆಡ್ಡಿಗೆ ಹೋಗುವ ಹೊತ್ತು ಮೀರಿದ ಮೇಲೆ ಎದ್ದೆ. ಶೆಡ್ಡಿನ ಯಜಮಾನಿ ಬಂದು ಬಾಗಿಲು ಬಡಿದು “ಸತ್ತುಹೋದ್ಯಾ?” ಅಂತ ಕೇಳಿದಳು. “ಇಲ್ಲ, ಬದುಕಿದೆ,” ಅಂದೆ.

ಈಗ ನಿನ್ನ ಕಿವಿಯ ಬಗ್ಗೆ ಅತ್ತೆ. ಬರುತ್ತದೆ ಎಂದಿದ್ದೆನಲ್ಲ, ಬಂತು. ನೀನು ತೊಟ್ಟಿಲಲ್ಲಿದ್ದಾಗ ನಾನು ಪಾತ್ರೆ ಬೀಳಿಸಿದರೆ ನೀನು ಬೆಚ್ಚಿ ಅಳುತ್ತಿದ್ದೆ, ಅದಕ್ಕೆ ನನಗೆ ಏಟು ಬೀಳುತ್ತಿತ್ತು. ಅದು ನೆನಪಾಯಿತು.

ಬಿಡುವಿಗೆ ಇಬ್ಬರೂ ಒಟ್ಟಿಗೆ ಬನ್ನಿ. ಹಿಂದಿನ ಕೋಣೆಗೆ ಸುಣ್ಣ ಹೊಡೆಸುತ್ತಿದ್ದೇನೆ. ನೀನು ಮೂಲೆಯಲ್ಲಿ ಕೂರಬೇಕಾಗಿಲ್ಲ, ಕಿಟಕಿಯ ಪಕ್ಕ ಜಾಗ ಕೊಡುತ್ತೇನೆ. ಪಟ್ಟಣದಲ್ಲೂ ಗರಗಸಗಳಿವೆ. ಸಾಮಿಲ್ಲಿನಲ್ಲಿ ಕೇಳಿ ನೋಡುತ್ತೇನೆ.

ಅವರಿಗೆ ಹೇಳು, ನಾನು ಚೆನ್ನಾಗಿದ್ದೇನೆ, ಅವರೂ ಹಾಗೇ ಇರಲಿ. ಈ ಸಲ ನಾನೇ ಮೊದಲು ಹೇಳಿದ್ದೇನೆ ಎಂದು ಹೇಳು.

ಅಕ್ಕ


ಮೇ ೬

ಅಕ್ಕಾ,

ಈ ಕಾಗದವನ್ನು ಸೀಟಿಯವನ ಕೈಯಲ್ಲಿ ಕೊಡುತ್ತಿದ್ದೇನೆ. ಅವನು ಭಾವನ ಜೊತೆಗೆ ಬರುತ್ತಿದ್ದಾನೆ. ಭಾವ ಇಲ್ಲ.

ನಿನ್ನೆ ಬೆಳಿಗ್ಗೆ ತಂತಿಹಗ್ಗ ಹರಿಯಿತು. ಹಳೆಯ ಹಗ್ಗ. ಯಾರ ತಪ್ಪೂ ಅಲ್ಲ.

ಇಲ್ಲಿ ಯಾರಿಗಾದರೂ ಪೆಟ್ಟಾದರೆ ಎಂಜಿನ್‌ನ ಸೀಟಿಯನ್ನು ನಿಲ್ಲಿಸದೆ ಕೂಗಿಸುತ್ತಾರೆ. ಎಲ್ಲರೂ ಕೊಡಲಿ, ಗರಗಸ, ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಓಡುತ್ತಾರೆ. ಆಚೆ ದಿಣ್ಣೆಯವರೂ ಓಡಿ ಬಂದರಂತೆ. ನಾನು ಅರ ಹಾಕುತ್ತಿದ್ದೆ. ಒಳ್ಳೆಯ ಗರಗಸ ಸಿಕ್ಕಿತ್ತು, ಹಲ್ಲುಗಳು ಸಮವಾಗಿ ಕೂರುತ್ತಿದ್ದವು, ಖುಷಿಯಾಗಿದ್ದೆ. ಅಷ್ಟು ಹೊತ್ತೂ ಸೀಟಿ ಕೂಗುತ್ತಲೇ ಇತ್ತು. ಗರಗಸದ ಮೇಲೆ ನೆರಳು ಬಿದ್ದಾಗ ತಲೆ ಎತ್ತಿದೆ. ಬಾಗಿಲ ಮುಂದೆ ಅವರನ್ನು ಹೊತ್ತುಕೊಂಡು ಹೋಗುತ್ತಿದ್ದರು.

ಮುಖಕ್ಕೆ ಏನೂ ಆಗಿಲ್ಲ. ನೋಡಬಹುದು. ಎದೆಯ ಮೇಲಿನ ಬಟ್ಟೆ ತೆಗೆಯಬೇಡ.

ಲಾಂಚಿನಲ್ಲಿ ಜಾಗವಿಲ್ಲ, ನಾನು ಬರುತ್ತಿಲ್ಲ.

ತಮ್ಮ


ಜೂನ್ ೨

ತಮ್ಮಾ,

ಲಾಂಚಿನಲ್ಲಿ ಜಾಗ ಬೇಕಾದಷ್ಟಿತ್ತು. ನಾನು ದಡದಲ್ಲೇ ಇದ್ದೆ. ಇಳಿದವರ ಹಿಂದೆ ನೀನು ಇಳಿಯುತ್ತೀಯ ಎಂದು ಹಲಗೆ ತೆಗೆಯುವವರೆಗೂ ನೋಡಿದೆ.

ಆಗಬೇಕಾದ್ದೆಲ್ಲ ಆಯಿತು. ಶೆಡ್ಡಿನವರು ಬಂದು ಎಲ್ಲವನ್ನೂ ಮಾಡಿದರು. ನಾನು ಕೂರು ಎಂದರೆ ಕೂತೆ, ಏಳು ಎಂದರೆ ಎದ್ದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ ಕೆಲಸಕ್ಕೆ ಹೋದೆ. ಯಜಮಾನಿ ಬೇಡ ಅಂದಳು. ಮನೆಯಲ್ಲಿ ಕೂತು ಏನು ಮಾಡಲಿ ಎಂದು ಕೇಳಿದೆ, ಅವಳು ಸೂಜಿ ತೆಗೆದು ಕೊಟ್ಟಳು. ಹೊಲಿಗೆ ನೇರವಾಗಿಯೇ ಬರುತ್ತಿದೆ. ಅನ್ನಕ್ಕೆ ಉಪ್ಪು ಹಾಕಿದ್ದೇನೋ ಇಲ್ಲವೋ ಬಾಯಿಗೆ ಗೊತ್ತಾಗುವುದಿಲ್ಲ. ಅಳು ಬರುತ್ತಿಲ್ಲ. ಜನ ನನ್ನ ಮುಖ ನೋಡುತ್ತಾರೆ, ನನಗೆ ಅವರ ಬಗ್ಗೆ ಪಾಪ ಅನಿಸುತ್ತದೆ.

ಈಗ ಕೇಳು. ಹಗ್ಗ ಹರಿಯಲಿಲ್ಲ.

ಸೀಟಿಯವನು ಹೊರಡುವ ಮುಂಚೆ ನಮ್ಮ ಮೆಟ್ಟಿಲ ಮೇಲೆ ಕೂತು ಹೇಳಿದ. ನೀನು ಏನು ಬರೆದಿದ್ದೀಯ ಎಂದು ಅವನಿಗೆ ತಿಳಿಯದು. ನನಗೆ ಎಲ್ಲ ಗೊತ್ತು ಎಂದುಕೊಂಡೇ ಮಾತಾಡಿದ. “ನಿಮ್ಮ ತಮ್ಮನಿಗೆ ಕೇಳಿಸಲ್ಲ ಅಂತ ನಮ್ಮ ಗುಂಪಿಗೆಲ್ಲ ಗೊತ್ತಿತ್ತು ಅಕ್ಕಾ. ಮೇಸ್ತ್ರಿಗೂ ಗೊತ್ತು. ನಿಮ್ಮ ಯಜಮಾನ್ರೇ ನಮ್ಮ ಬಾಯಿ ಕಟ್ಟಿದ್ರು. ಅವನಾಗಿ ಹೇಳೋವರೆಗೂ ಯಾರೂ ಉಸಿರೆತ್ತಬೇಡಿ, ಅವನಿಗೆ ಅವಮಾನ ಆಗುತ್ತೆ ಅಂತ. ಬೇರೆಯವರಿಗೆ ಅನುಮಾನ ಬಾರದಿರಲಿ ಅಂತ ತಾವೂ ಹಿಂದಿನಿಂದ ಕೂಗ್ತಾನೇ ಇದ್ರು.” ಅವನೇ ಮುಂದುವರಿಸಿದ. “ನಾನು ಸೀಟಿ ಹಾಕಿದ ಮೇಲೆ ಅವನು ತಲೆ ಎತ್ತಿ ಉಗಿ ನೋಡಬೇಕಲ್ಲ, ನೋಡಿ ಆಮೇಲೆ ತಾನೇ ಎಳೆಯೋದು. ಆ ಒಂದು ಗಳಿಗೆ ನಮಗೆ ಸಿಗ್ತಿತ್ತು. ಕುಣಿಕೆ ಬಿಗಿದ ತಕ್ಷಣ, ನಿಮ್ಮ ಯಜಮಾನ್ರು ದಿಮ್ಮಿ ಮೇಲೆ ಇರೋವಾಗಲೇ ನನಗೆ ಕೈ ಎತ್ತೋರು. ನಾನು ಸೀಟಿ ಹಾಕ್ತಿದ್ದೆ, ಅವರು ಇಳಿದು ದೂರ ಹೋಗೋರು, ಆಮೇಲೆ ಹಗ್ಗ ಬಿಗಿಯಾಗ್ತಿತ್ತು. ಹೋದ ವರ್ಷದಿಂದ ದಿನಾ ಹಾಗೇ ಮಾಡಿದ್ವಿ. ಕಾಲಿಗೆ ಅದೇ ಅಭ್ಯಾಸ ಆಗಿಹೋಗಿತ್ತು. ಹೊಸಬನಿಗೆ ಕಿವಿ ಇದೆ. ಸೀಟಿ ಕೂಗಿದ್ದೇ ತಡ ಎಳೆದುಬಿಡ್ತಾನೆ.”

ಮೊದಲ ವಾರ ಎಲ್ಲರೂ ಎಚ್ಚರವಾಗಿದ್ದರಂತೆ. ಆಮೇಲೆ ಕೆಲಸದ ಭರದಲ್ಲಿ ಒಂದು ಬೆಳಿಗ್ಗೆ ಅವರ ಕೈ ಹಳೆಯ ಹಾಗೆಯೇ ಮೇಲೆ ಹೋಯಿತು.

ಅವರು ಒಂದು ಸಂಜೆ ನಿನ್ನ ಶೆಡ್ಡಿಗೆ ಬಂದು ಬಹಳ ಹೊತ್ತು ಮಾತಾಡಿದರು ಎಂದು ಬರೆದಿದ್ದೆಯಲ್ಲ. ವಾಪಸು ಎಂಜಿನ್ ಹತ್ತು ಎಂದು ಕೇಳಲು ಬಂದಿದ್ದರಂತೆ. ನಿನಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೂ, ನಿನ್ನ ಮುಖ ನೋಡಿಕೊಂಡು ಕೇಳಲು ಸಂಕೋಚಪಟ್ಟರು ಅನಿಸುತ್ತದೆ. ‘ಹೂಂ ಅಂದಿದ್ದಾನೆ, ಒಂದೆರಡು ವಾರದಲ್ಲಿ ಹತ್ತುತ್ತಾನೆ’ ಎಂದು ಗುಂಪಿಗೆ ಹೇಳಿದರಂತೆ.

ನಿನ್ನನ್ನು ಇಳಿಸಿದ್ದು ನಾನು. ನನಗೆ ಇದು ತಿಳಿಯಬಾರದು ಎಂದೇ ನೀನು ಹಗ್ಗ ಹರಿಸಿದ್ದೀಯ. ಒಳ್ಳೆಯ ಮನಸ್ಸಿನಿಂದ ಹೇಳಿದ ಸುಳ್ಳು, ಗೊತ್ತು. ಇನ್ನು ಮೇಲೆ ಹೇಳಬೇಡ. ಉಳಿದಿರುವುದು ನೀನೊಬ್ಬ. ನೀನೂ ಸುಳ್ಳು ಬರೆದರೆ ನಾನು ಯಾರ ಕಾಗದ ಓದಲಿ?

ಅಕ್ಕ


ಜೂನ್ ೧೫

ಅಕ್ಕಾ,

ಹೌದು. ಹಗ್ಗ ಹರಿಯಲಿಲ್ಲ. ಲಾಂಚಿನಲ್ಲಿ ಜಾಗವೂ ಇತ್ತು. ನಿನ್ನ ಮುಖ ನೋಡಲು ಧೈರ್ಯ ಬರಲಿಲ್ಲ.

ಆ ಗಳಿಗೆಯ ವಿಷಯ ನನಗೆ ಆವತ್ತಿನವರೆಗೂ ಗೊತ್ತಿರಲಿಲ್ಲ. ನಾನು ತಡ ಮಾಡುತ್ತೇನೆ ಎಂದೇ ಗೊತ್ತಿರಲಿಲ್ಲ. ಉಗಿ ಚಿಮ್ಮಿದ್ದೇ ತಡ ಎಳೆಯುತ್ತೇನೆ, ಕಿವಿಯಿರುವವನಿಗೂ ನನಗೂ ಕೂದಲೆಳೆ ವ್ಯತ್ಯಾಸವಿಲ್ಲ ಎಂದು ಒಳಗೊಳಗೇ ಬೀಗುತ್ತಿದ್ದೆ. ಯಾರೂ ಹೇಳಲಿಲ್ಲ. ನಾನು ಮುಚ್ಚಿಟ್ಟುಕೊಂಡು ಕೂತಿದ್ದೆ, ಅವರು ನನಗಾಗಿ ಮುಚ್ಚಿಟ್ಟುಕೊಂಡು ಕೂತಿದ್ದರು.

ಈಗ ಯಾರೂ ಸಂಕೋಚಪಡುವುದಿಲ್ಲ. ಮೇಸ್ತ್ರಿ ಶೆಡ್ಡಿಗೆ ಬಂದು ಹಲಗೆಯ ಚೂರಿನ ಮೇಲೆ ಇದ್ದಿಲಿನಲ್ಲಿ ಬರೆದ: ‘ಹತ್ತುತ್ತೀಯಾ?’ ಗುಂಪಿನವರು ಹೊಸಬನ ಹಗ್ಗಕ್ಕೆ ಕುಣಿಕೆ ಹಾಕುವುದಿಲ್ಲ ಎಂದು ಕೂತುಬಿಟ್ಟಿದ್ದಾರೆ. ಅವರಿಗೆ ಕಿವುಡನೇ ಬೇಕಂತೆ. ಮಂಜು ಕವಿದ ದಿನ ಕೆಲಸ ಬೇಡ ಎಂದು ಅವರೇ ಕಟ್ಟಳೆ ಮಾಡಿದ್ದಾರೆ, ಮೇಸ್ತ್ರಿ ಒಪ್ಪಿದ್ದಾನೆ.

ಹೊಸಬ ಕೆಟ್ಟವನಲ್ಲ. ಸೀಟಿ ಕೂಗಿತು, ಎಳೆದ. ಅದೇ ಅವನ ಕೆಲಸ. ಊಟ ಬಿಟ್ಟು ನೀರಿನ ಕಡೆ ಮುಖ ಮಾಡಿ ಕೂತಿರುತ್ತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವನು ಏನೇನೋ ಹೇಳಿದ. ಈ ಸಲ ಹೂಂ ಎನ್ನಲಿಲ್ಲ. ಕೇಳಿಸುವುದಿಲ್ಲ ಎಂದು ಬಾಯಿ ಬಿಟ್ಟು ಹೇಳಿದೆ. ಅವನು ಮಾತು ನಿಲ್ಲಿಸಲಿಲ್ಲ. ನಿನ್ನೆ ಲಾಂಚಿನಲ್ಲಿ ಹೋದ.

ಮೇಸ್ತ್ರಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ನೀನು ಇಳಿ ಎಂದೆ, ಇಳಿದೆ. ಈಗ ಏನು ಮಾಡಲಿ, ಹೇಳು.

ತಮ್ಮ


ಜೂನ್ ೨೪

ತಮ್ಮಾ,

ನನ್ನನ್ನು ಕೇಳಬೇಡ. ಒಂದು ಸಲ ಬಾಯಿ ತೆರೆದಿದ್ದೇನೆ, ಸಾಕು.

ಕೆಳಗೆ ನಿಲ್ಲುವವರು ಆ ಗುಂಪಿನವರು. ಅವರಿಗೆ ಯಾರು ಬೇಕೋ ಅವರಿಗೇ ಗೊತ್ತು. ಅವರಿಗೂ ಮನೆಯಲ್ಲಿ ಯಾರಾದರೂ ಕಾಯುತ್ತಿರಬಹುದು.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮೇಲೂ ಇಲ್ಲ. ಏನೂ ಇಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಹಾಗಿದ್ದೇನೆ. ಮುಟ್ಟಿದರೆ ಬೇರೆಯವರ ಕಾಲು ಮುಟ್ಟಿದ ಹಾಗೆ. ಬಿಟ್ಟಾಗ ನೋವಾಗುತ್ತದೆ ಎಂದು ಗೊತ್ತು. ಇನ್ನೂ ಬಿಟ್ಟಿಲ್ಲ.

ಬಿಡುವಿಗೆ ಬಾ. ನೀನೊಬ್ಬನೇ ಇಳಿಯುವುದನ್ನು ನಾನು ನೋಡಬಲ್ಲೆ.

ಅಕ್ಕ


ಆಗಸ್ಟ್ ೧೯

ಅಕ್ಕಾ,

ಉತ್ತರ ಬರೆಯಲು ತಡವಾಯಿತು. ಮೇಸ್ತ್ರಿಯ ಹಲಗೆಯನ್ನು ಹದಿನೈದು ದಿನ ಬೆಂಚಿನ ಕೆಳಗೆ ಇಟ್ಟುಕೊಂಡಿದ್ದೆ. ಆಮೇಲೆ ಗುಂಪಿನವರೆಲ್ಲ ಒಟ್ಟಾಗಿ ಬಂದು ಶೆಡ್ಡಿನ ಮುಂದೆ ನಿಂತರು. ಯಾರೂ ಏನೂ ಹೇಳಲಿಲ್ಲ, ಹೇಳಿದರೂ ಉಪಯೋಗವಿಲ್ಲ ಎಂದು ಅವರಿಗೆ ಗೊತ್ತು. ಅರ ಕೆಳಗಿಟ್ಟು ಅವರ ಜೊತೆ ನಡೆದೆ.

ಹತ್ತಿದ್ದೇನೆ. ಕೆಲಸ ನಡೆಯುತ್ತಿದೆ. ಭಾವನ ಜಾಗಕ್ಕೆ ಆಚೆ ದಿಣ್ಣೆಯಿಂದ ಒಬ್ಬ ಬಂದಿದ್ದಾನೆ, ಗಟ್ಟಿಗ. ಯಾರಿಗೂ ಏನೂ ಆಗಿಲ್ಲ. ಮಂಜಿನ ದಿನ ಎಲ್ಲರೂ ಬಟ್ಟೆ ಒಗೆಯುತ್ತೇವೆ. ಅಡುಗೆಯವನು ಈಗ ನನ್ನ ಎದುರಿಗೆ ಕೂತು ಬಾಯಿ ದೊಡ್ಡದು ಮಾಡಿ ಮಾತಾಡುತ್ತಾನೆ, ಕೀಳಿಸಿಕೊಂಡ ಹಲ್ಲಿನ ಜಾಗವೆಲ್ಲ ಕಾಣುತ್ತದೆ.

ಒಂದೇ ಒಂದು ಕಷ್ಟ. ಹಿಂದೆ ಆ ತಡ ತಾನಾಗಿ ಆಗುತ್ತಿತ್ತು, ನನಗೆ ಗೊತ್ತಿರಲಿಲ್ಲ. ಈಗ ಗೊತ್ತು. ಗೊತ್ತಾದ ಮೇಲೆ ಅದು ತಾನಾಗಿ ಆಗುವುದಿಲ್ಲ. ಉಗಿ ಚಿಮ್ಮಿದ ಕೂಡಲೇ ಕೈ ಸನ್ನೆಕೋಲಿಗೆ ಹೋಗಿರುತ್ತದೆ, ನಾನೇ ಅದನ್ನು ತಡೆದು ಹಿಡಿಯಬೇಕು. ಎಷ್ಟು ಹೊತ್ತು ಹಿಡಿಯಬೇಕು ಎಂದು ಯಾರನ್ನು ಕೇಳಲಿ? ಅದು ಗೊತ್ತಿದ್ದವರು ಭಾವ ಒಬ್ಬರೇ.

ಅದಕ್ಕೆ ಒಂದು ದಾರಿ ಮಾಡಿಕೊಂಡಿದ್ದೇನೆ. ಸುಳ್ಳು ಬರೆಯಬೇಡ ಎಂದಿದ್ದೀಯ, ಇದ್ದದ್ದನ್ನೇ ಬರೆಯುತ್ತೇನೆ. ಬಿಳಿ ಉಗಿ ಚಿಮ್ಮುತ್ತದೆ. ನಾನು ಕಣ್ಣು ಮುಚ್ಚುವುದಿಲ್ಲ. ಭಾವ ಕೈ ಇಳಿಸುತ್ತಾರೆ. ದಿಮ್ಮಿಯಿಂದ ಒಂದು ಕಾಲು ಕೆಳಗಿಡುತ್ತಾರೆ, ಇನ್ನೊಂದು ಇಡುತ್ತಾರೆ. ಅವಸರವಿಲ್ಲ ಅವರಿಗೆ. ಹಗ್ಗ ದಾಟಿ ಆಚೆ ಹೋಗಿ ನಿಲ್ಲುತ್ತಾರೆ. ಆಮೇಲೆ ಎಳೆಯುತ್ತೇನೆ.

ತಮ್ಮ